ಮೂರನೇ ಬಾಕ್ಸ್ ಯಾವ ಮನೆಯದ್ದು?

"ಸರ್, ಮೂರನೇ ಬಾಕ್ಸ್ ಅದೇ ಮನೆಯಲ್ಲಿದೆಯಾ?"

ನಮ್ಮ ಡಿಟಿಎಚ್ ಕಂಪನಿಯ, ಅಂದರೆ ಮನೆಗೆ ಡಿಶ್ ಹಾಕಿ ಟಿವಿ ಕೊಡುವ ಕಂಪನಿಯ, ಕಸ್ಟಮರ್ ಕೇರ್‌ನ ಹುಡುಗಿ ಸೆಟ್‌ಟಾಪ್ ಬಾಕ್ಸ್ ಬಗ್ಗೆ ಕೇಳಿದ ಈ ಪ್ರಶ್ನೆಗೆ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಸುಳ್ಳು ಹೇಳುವ ಉದ್ದೇಶವೇನೂ ಇರಲಿಲ್ಲ. ನಿಜ ಏನು ಅಂತ ಹೇಳುವುದೇ ಕಷ್ಟವಾಯಿತು.

ನಮ್ಮದು ತೀರ್ಥಹಳ್ಳಿ ಕಡೆಯ ಒಂಟಿ ಮನೆ. ಹತ್ತಿರದ ನೆರೆಮನೆಗೆ ಹೋಗಬೇಕೆಂದರೂ ಒಂದು ಗುಡ್ಡ ಇಳಿದು ಹಳ್ಳ ದಾಟಬೇಕು. ಮನೆಯಲ್ಲಿ ಒಂದು ಟಿವಿ ಅಜ್ಜಿಯ ಕೋಣೆಯಲ್ಲಿದೆ. ಇನ್ನೊಂದು ಜಗಲಿಯಲ್ಲಿದೆ. ಮೂರನೆಯದು ಅಂಗಳ ದಾಟಿ ನಲವತ್ತು ಹೆಜ್ಜೆ ಆಚೆ, ದರೆಯ (ಎತ್ತರದ ಮಣ್ಣಿನ ದಿಬ್ಬದ) ಮೇಲೆ ಚಿಕ್ಕಪ್ಪ ಕಟ್ಟಿಸಿದ ಹೊಸ ಮನೆಯಲ್ಲಿದೆ. ಚಿಕ್ಕಪ್ಪ, ಚಿಕ್ಕಮ್ಮ ಮಲಗುವುದು ಅಲ್ಲಿ. ಊಟ ಇಲ್ಲಿ. ಬಾವಿ ಒಂದೇ, ಕೊಟ್ಟಿಗೆ ಒಂದೇ, ಅಡಿಕೆ ಒಣಗಿಸುವ ಅಂಗಳವೂ ಒಂದೇ. ಪಡಿತರ ಚೀಟಿಯಲ್ಲಿ ನಾವೆಲ್ಲ ಒಂದು ಕುಟುಂಬ. ಆದರೆ ಕರೆಂಟಿನ ಲೆಕ್ಕದಲ್ಲಿ ಎರಡು ಮನೆ, ಯಾಕೆಂದರೆ ಚಿಕ್ಕಪ್ಪನ ಮನೆಗೆ ಮೆಸ್ಕಾಂನವರು ಬೇರೆ ಆರ್‌ಆರ್ ನಂಬರ್ ಕೊಟ್ಟಿದ್ದಾರೆ.

ಹಾಗಾದರೆ ಮೂರನೇ ಬಾಕ್ಸ್ "ಅದೇ ಮನೆ"ಯಲ್ಲಿದೆಯಾ? ನಾನು ಹೌದು ಅಂದೆ. ಮನೆಯ ಫೋಟೊ ಕಳಿಸಿ ಅಂದರು, ಕಳಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು. ಅದು ಬೇರೆ ಕಟ್ಟಡ, ಹಾಗಾಗಿ ಬೇರೆ ಕನೆಕ್ಷನ್ ಮಾಡಿಸಬೇಕು ಅಂತ. ಬಾಕ್ಸ್ ಹಾಕಿದ ದಿನ ಇದನ್ನು ಯಾರೂ ಹೇಳಿರಲಿಲ್ಲ. ಆರು ತಿಂಗಳು ರೀಚಾರ್ಜ್ ದುಡ್ಡನ್ನೂ ತೆಗೆದುಕೊಂಡಿದ್ದರು.

ಇದು ನಮ್ಮೊಬ್ಬರ ಮನೆಯ ರಗಳೆ ಆಗಿದ್ದರೆ ಬರೆಯುತ್ತಿರಲಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ಶೃಂಗೇರಿ, ಎಲ್ಲಿ ಹೋದರೂ ಮನೆಗಳು ಹೀಗೇ ಇರುತ್ತವೆ. ಹಳೇ ಮನೆ, ಅದರ ಪಕ್ಕ ಮಗನ ಮನೆ, ತೋಟದ ಅಂಚಿನಲ್ಲಿ ಒಂದು ಕೆಲಸದವರ ಮನೆ. ಒಂದು ಖಾತೆಗೆ ಇಷ್ಟೇ ಬಾಕ್ಸ್, ಎಲ್ಲವೂ ಒಂದೇ ಮನೆಯಲ್ಲಿರಬೇಕು ಅನ್ನುವ ಷರತ್ತು ಇಂಥ ಕಡೆ ಬಂದು ಕೂತಾಗ ಏನಾಗುತ್ತದೆ ಅಂತ ಬಿಡಿಸಿ ನೋಡಬೇಕು.

ಮೊದಲು ನಿಯಮ ಏನು ಹೇಳುತ್ತದೆ ನೋಡೋಣ. ಟಿವಿ ಸೇವೆಯ ಮೇಲೆ ಕಣ್ಣಿಡುವುದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್. ಅದು 2017ರಲ್ಲಿ ತಂದ ನಿಯಮಗಳಲ್ಲಿ ಚಂದಾದಾರ ಎಂದರೆ ಯಾರು ಅನ್ನುವುದಕ್ಕೆ ಒಂದು ವಿವರಣೆ ಇದೆ. ಅದರ ಕೊನೆಯಲ್ಲಿ ಬರುವ ಮಾತೇ ಮುಖ್ಯ: ಮನೆಯಲ್ಲಿರುವ ಒಂದೊಂದು ಸೆಟ್‌ಟಾಪ್ ಬಾಕ್ಸೂ ಒಬ್ಬೊಬ್ಬ ಚಂದಾದಾರ. ಅಂದರೆ ಕಾನೂನಿನ ಕಣ್ಣಿಗೆ ಕಾಣುವುದು ಬಾಕ್ಸ್. ಮನೆಯಲ್ಲಿ ಎಂಟು ಜನ ಇರಲಿ, ಒಬ್ಬರೇ ಇರಲಿ, ಒಂದು ಬಾಕ್ಸ್ ಇದ್ದರೆ ಒಬ್ಬ ಚಂದಾದಾರ. ನಮ್ಮ ಮನೆಯಲ್ಲಿ ಮೂರು ಬಾಕ್ಸ್ ಇದ್ದರೆ ಮೂವರು.

ಇದೇ ನಿಯಮಗಳಿಗೆ 2020ರಲ್ಲಿ ತಿದ್ದುಪಡಿ ಬಂದಾಗ "ಹಲವು ಟಿವಿಗಳ ಮನೆ" ಅನ್ನುವ ಮಾತು ಸೇರಿತು. ಒಂದು ಮನೆಯಲ್ಲಿ ಒಬ್ಬರ ಹೆಸರಲ್ಲಿ ಒಂದಕ್ಕಿಂತ ಜಾಸ್ತಿ ಕನೆಕ್ಷನ್ ಇದ್ದರೆ ಅದು ಹಲವು ಟಿವಿಗಳ ಮನೆ. ಎರಡಾ, ನಾಲ್ಕಾ, ಹತ್ತಾ ಅನ್ನುವ ಮಾತು ಅಲ್ಲಿ ಇಲ್ಲ. ಮೇಲ್ಮಿತಿ ಬಂದಿದ್ದು ಕಂಪನಿಗಳ ಷರತ್ತಿನಲ್ಲಿ. ಒಂದು ಮೂಲ ಬಾಕ್ಸ್, ಅದರ ಜೊತೆಗೆ ಇಷ್ಟೇ ಹೆಚ್ಚುವರಿ ಬಾಕ್ಸ್, ಎಲ್ಲವೂ ಒಂದೇ ವಿಳಾಸದಲ್ಲಿ ಅಂತ. ಇಲ್ಲೇ ಗಮನಿಸಿ, ಬಾಕ್ಸ್ ಅಂದರೇನು ಅನ್ನುವುದನ್ನು ಬಿಡಿಸಿ ಹೇಳಿದ್ದಾರೆ. ಮನೆ ಅಂದರೇನು ಅನ್ನುವುದು ಎಲ್ಲರಿಗೂ ಗೊತ್ತು ಅಂತ ಬಿಟ್ಟಿದ್ದಾರೆ. ಗೋಡೆಗೆ ಗೋಡೆ ಅಂಟಿದ ಪೇಟೆಯಲ್ಲಿ ಅದು ಗೊತ್ತಿರಬಹುದು. ನಮ್ಮಲ್ಲಿ ಗೊತ್ತಿಲ್ಲ.

ಹಾಗಂತ ಮಿತಿಯೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಮಿತಿ ಯಾಕೆ ಬಂತು ಅನ್ನುವುದಕ್ಕೆ ಗಟ್ಟಿ ಕಾರಣ ಇದೆ. ಅದನ್ನು ತಿಳಿಯಬೇಕಾದರೆ ಬಾಕ್ಸ್ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ನೋಡಬೇಕು.

ಉಪಗ್ರಹ ಇರುವುದು ಭೂಮಧ್ಯರೇಖೆಯ ಮೇಲೆ, ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಂದ ಇಡೀ ದೇಶಕ್ಕೆ ಒಂದೇ ಸಿಗ್ನಲ್ ಬೀಳುತ್ತದೆ. ಬೆಂಗಳೂರಿನ ಬಂಗಲೆಗೆ ಬೀಳುವುದೂ ಅದೇ, ಆಗುಂಬೆಯ ಹಂಚಿನ ಮನೆಗೆ ಬೀಳುವುದೂ ಅದೇ. ಎಲ್ಲ ಚಾನೆಲ್‌ಗಳೂ ಅದರಲ್ಲಿವೆ, ಆದರೆ ಬೀಗ ಹಾಕಿ. ಪ್ರತಿ ಬಾಕ್ಸ್‌ಗೂ ಒಂದು ನಂಬರ್ ಇದೆ. ಕಾರ್ಡ್ ಹಾಕುವ ಬಾಕ್ಸ್ ಆದರೆ ಆ ಕಾರ್ಡಿನ ಮೇಲೇ ಅಚ್ಚಾಗಿರುತ್ತದೆ. ನೀವು ರೀಚಾರ್ಜ್ ಮಾಡಿದ ಕೂಡಲೇ ಕಂಪನಿ ಆ ನಂಬರಿನ ಹೆಸರು ಹಿಡಿದು ಉಪಗ್ರಹದ ಮೂಲಕವೇ ಒಂದು ಸಂದೇಶ ಕಳಿಸುತ್ತದೆ. ಇಂಥ ನಂಬರಿನ ಬಾಕ್ಸ್ ಇಂತಿಂಥ ಚಾನೆಲ್ ತೆರೆಯಲಿ ಅಂತ. ದೇಶದಲ್ಲಿರುವ ಆ ಕಂಪನಿಯ ಎಲ್ಲ ಬಾಕ್ಸ್‌ಗಳಿಗೂ ಆ ಸಂದೇಶ ಬಂದು ಮುಟ್ಟುತ್ತದೆ. ಆ ನಂಬರಿನದ್ದು ಮಾತ್ರ ಅದನ್ನು ಓದಿಕೊಳ್ಳುತ್ತದೆ. ರೀಚಾರ್ಜ್ ಮಾಡುವಾಗ ಬಾಕ್ಸ್ ಆನ್ ಇಡಿ ಅಂತ ಹೇಳುತ್ತಾರಲ್ವಾ, ಅದು ಇದಕ್ಕೇ. ಆಫ್ ಆಗಿದ್ದ ಬಾಕ್ಸ್‌ಗೆ ಆ ಕರೆ ಕೇಳುವುದಿಲ್ಲ.

ಇಲ್ಲಿ ಒಂದು ಸಂಗತಿ ಮುಖ್ಯ. ಮಾತು ಮೇಲಿನಿಂದ ಕೆಳಗೆ ಮಾತ್ರ ಬರುತ್ತದೆ. ಇಂಟರ್‌ನೆಟ್ ಜೋಡಿಸದ ಬಾಕ್ಸ್ ತಿರುಗಿ ಉತ್ತರ ಕೊಡುವುದಿಲ್ಲ. ತಾನು ಎಲ್ಲಿದ್ದೇನೆ ಅಂತ ಅದು ಕಂಪನಿಗೆ ಹೇಳಲಾರದು. ನಮ್ಮ ಜಗಲಿಯಲ್ಲಿದ್ದ ಬಾಕ್ಸನ್ನು ಚೀಲಕ್ಕೆ ಹಾಕಿಕೊಂಡು ಶಿವಮೊಗ್ಗದ ವಿನೋಬನಗರದಲ್ಲಿರುವ ನೆಂಟರ ಮನೆಗೆ ಒಯ್ದು, ಅವರ ಡಿಶ್‌ಗೆ ಸಿಕ್ಕಿಸಿದರೆ, ಕಂಪನಿ ಅದೇ ಆಗಿದ್ದರೆ ಅಲ್ಲೂ ಅದು ಓಡುತ್ತದೆ. ಕಂಪನಿಗೆ ಗೊತ್ತೇ ಆಗುವುದಿಲ್ಲ.

ಹೀಗಿರುವಾಗ ಎರಡನೇ ಬಾಕ್ಸ್‌ಗೆ ರಿಯಾಯಿತಿ ಕೊಟ್ಟರೆ ಏನಾಗಬಹುದು, ಯೋಚಿಸಿ. ನಾಲ್ಕು ಮನೆಯವರು ಸೇರಿ ಒಬ್ಬರ ಹೆಸರಲ್ಲಿ ನಾಲ್ಕು ಬಾಕ್ಸ್ ತೆಗೆದುಕೊಂಡು ದುಡ್ಡು ಹಂಚಿಕೊಳ್ಳಬಹುದು. ಅಮೆರಿಕದಲ್ಲಿ ಇದು ಬಹಳ ಹಿಂದೆಯೇ ದೊಡ್ಡ ತಲೆನೋವಾಗಿತ್ತು. ಡೈರೆಕ್‌ಟಿವಿ, ಡಿಶ್ ನೆಟ್‌ವರ್ಕ್ ಕಂಪನಿಗಳು ಮನೆಯ ಎಲ್ಲ ಬಾಕ್ಸ್‌ಗಳನ್ನೂ ಟೆಲಿಫೋನ್ ಲೈನಿಗೆ ಜೋಡಿಸಿ ಇಡಿ ಅಂತ ಗ್ರಾಹಕರಿಗೆ ಹೇಳುತ್ತಿದ್ದವು. ಬಾಕ್ಸ್‌ಗಳೆಲ್ಲ ಒಂದೇ ಫೋನ್ ನಂಬರಿನಿಂದ ಮಾತಾಡಿದರೆ ಒಂದೇ ಮನೆ ಅನ್ನುವ ಲೆಕ್ಕ. ನಮ್ಮಲ್ಲಿ ಆ ದಾರಿ ಇರಲೇ ಇಲ್ಲ. ಹಳ್ಳಿಗಳಲ್ಲಿ ಡಿಟಿಎಚ್ ಹರಡುವ ಹೊತ್ತಿಗೆ ಮನೆಯ ಲ್ಯಾಂಡ್‌ಲೈನ್ ಫೋನುಗಳು ಒಂದೊಂದಾಗಿ ಸುಮ್ಮನಾಗುತ್ತಿದ್ದವು. ಹಾಗಾಗಿ ಇಲ್ಲಿ ಇಡೀ ವ್ಯವಸ್ಥೆ ನಿಂತಿರುವುದು ಒಂದು ವಿಳಾಸದ ಮೇಲೆ, ಒಂದು ಮೊಬೈಲ್ ನಂಬರಿನ ಮೇಲೆ, ಮತ್ತೆ ನಂಬಿಕೆಯ ಮೇಲೆ.

ಚಾನೆಲ್‌ನವರಿಗೂ ಬಾಕ್ಸ್ ಲೆಕ್ಕವೇ ಮುಖ್ಯ. ಹಣ ಕೊಟ್ಟು ನೋಡುವ ಚಾನೆಲ್ ಎಷ್ಟು ಬಾಕ್ಸ್‌ಗಳಲ್ಲಿ ತೆರೆದಿದೆಯೋ ಅಷ್ಟಕ್ಕೆ ಕಂಪನಿ ಅವರಿಗೆ ಪಾಲು ಕೊಡಬೇಕು. ನಾಲ್ಕು ಮನೆಯವರು ಒಂದು ಮನೆಯ ಹೆಸರಲ್ಲಿ ರಿಯಾಯಿತಿ ಪಡೆದರೆ ಆ ಹೊರೆ ಕಡೆಗೆ ಸರಿಯಾಗಿ ಕಟ್ಟುವವರ ಮೇಲೇ ಬೀಳುತ್ತದೆ. ಇದನ್ನು ನಾನು ಒಪ್ಪುತ್ತೇನೆ. ಯಾವ ಮಿತಿಯೂ ಬೇಡ ಅನ್ನುವುದು ನ್ಯಾಯದ ಮಾತಲ್ಲ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಜನರಿಗೆ ಬಿಸಿ ತಟ್ಟುವುದು ಇಲ್ಲೇ.

2019ರ ಫೆಬ್ರುವರಿಯಲ್ಲಿ ಹೊಸ ದರ ಪದ್ಧತಿ ಜಾರಿಗೆ ಬಂತು. ಅಲ್ಲಿಯವರೆಗೆ ಒಂದು ಪ್ಯಾಕ್, ಒಂದು ರೇಟು. ಆಮೇಲೆ ಬಿಲ್ ಎರಡು ಭಾಗವಾಯಿತು. ಒಂದು ಚಾನೆಲ್‌ಗಳ ದುಡ್ಡು. ಇನ್ನೊಂದು ಸಿಗ್ನಲ್ ಮನೆಗೆ ಮುಟ್ಟಿಸುವ ಶುಲ್ಕ. ಇದನ್ನು ಎನ್‌ಸಿಎಫ್ ಅನ್ನುತ್ತಾರೆ. 100 ಚಾನೆಲ್‌ವರೆಗೆ ಗರಿಷ್ಠ 130 ರೂಪಾಯಿ ಅಂತ ಟ್ರಾಯ್ ಗೆರೆ ಎಳೆಯಿತು. ಶೇ. 18 ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಒಂದೊಂದು ಬಾಕ್ಸೂ ಒಬ್ಬೊಬ್ಬ ಚಂದಾದಾರ ಅಂದೆನಲ್ಲ, ಅದು ಇಲ್ಲಿ ಬಂದು ಕುಟುಕಿತು. ಎರಡನೇ ಟಿವಿಗೆ ಕಡಿಮೆ ಮಾಡಲೇಬೇಕು ಅನ್ನುವ ನಿಯಮ ಆಗ ಇರಲಿಲ್ಲ. ಕಂಪನಿ ತಾನಾಗಿ ಬಿಟ್ಟುಕೊಟ್ಟರೆ ಉಂಟು, ಇಲ್ಲದಿದ್ದರೆ ಮೂರು ಬಾಕ್ಸ್ ಇರುವ ಮನೆ ಒಂದೂ ಪೇ ಚಾನೆಲ್ ಹಾಕಿಸದಿದ್ದರೂ ಬರೀ ಈ ಶುಲ್ಕಕ್ಕೇ ತಿಂಗಳಿಗೆ 460 ರೂಪಾಯಿ 20 ಪೈಸೆ ಕೊಡಬೇಕಾಗಿತ್ತು.

ಇದಕ್ಕೆ ಎಲ್ಲ ಕಡೆಯಿಂದ ತಕರಾರು ಎದ್ದಿತು. 2020ರ ಜನವರಿ 1ರಂದು ಟ್ರಾಯ್ ತಿದ್ದುಪಡಿ ತಂದಿತು. ಎರಡನೇ ಟಿವಿಗೆ ಮತ್ತು ಅದರ ನಂತರದ ಪ್ರತಿ ಟಿವಿಗೆ, ಮೊದಲ ಟಿವಿಯ ಶುಲ್ಕದ ಶೇ. 40ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಅಂತ. ಅಂದರೆ 52 ರೂಪಾಯಿ, ತೆರಿಗೆ ಸೇರಿ 61 ರೂಪಾಯಿ 36 ಪೈಸೆ. ಅದೇ ಮೂರು ಬಾಕ್ಸಿನ ಮನೆಗೆ ಒಟ್ಟು 276 ರೂಪಾಯಿ 12 ಪೈಸೆ ಆಯಿತು. ತಿಂಗಳಿಗೆ 184 ರೂಪಾಯಿ ಉಳಿತಾಯ. ಇನ್ನೊಂದು ಒಳ್ಳೆಯ ಮಾತೂ ಆ ತಿದ್ದುಪಡಿಯಲ್ಲಿತ್ತು. ಒಂದೇ ಮನೆಯ ಬೇರೆ ಬೇರೆ ಟಿವಿಗೆ ಬೇರೆ ಬೇರೆ ಚಾನೆಲ್ ಆರಿಸಿಕೊಳ್ಳಲು ಬಿಡಬೇಕು ಅಂತ. ಅಜ್ಜಿಗೆ ಕ್ರಿಕೆಟ್ ಚಾನೆಲ್ ಯಾಕೆ? ಅವರಿಗೆ ಬೇಕಿರುವುದು ಎರಡು ಧಾರಾವಾಹಿ, ಬೆಳಗಿನ ಭಕ್ತಿ ಕಾರ್ಯಕ್ರಮ, ರಾತ್ರಿಯ ವಾರ್ತೆ. ಅವರ ಬಾಕ್ಸ್‌ಗೆ ಅಷ್ಟೇ ಹಾಕಿಸಬಹುದು.

ಆದರೆ 2024ರ ಜುಲೈನಲ್ಲಿ ಟ್ರಾಯ್ ಆ ಗೆರೆಯನ್ನೇ ಅಳಿಸಿತು. ಎನ್‌ಸಿಎಫ್‌ಗೆ ಮೇಲ್ಮಿತಿ ಇಲ್ಲ. ಚಾನೆಲ್ ಸಂಖ್ಯೆ ನೋಡಿ, ಪ್ರದೇಶ ನೋಡಿ, ಗ್ರಾಹಕರ ವರ್ಗ ನೋಡಿ ಕಂಪನಿಯೇ ರೇಟು ಇಡಬಹುದು. ಇಟ್ಟ ರೇಟನ್ನು ಪ್ರಕಟಿಸಬೇಕು, ಗ್ರಾಹಕರಿಗೆ ತಿಳಿಸಬೇಕು, ಅಷ್ಟೇ. ಪೈಪೋಟಿಯೇ ಬೆಲೆಯನ್ನು ಹಿಡಿತದಲ್ಲಿಡುತ್ತದೆ ಅನ್ನುವುದು ಇದರ ಹಿಂದಿನ ನಂಬಿಕೆ.

ಶಿವಮೊಗ್ಗ ಪೇಟೆಗೆ ಈ ನಂಬಿಕೆ ಸರಿ ಹೊಂದಬಹುದು. ಅಲ್ಲಿ ಕೇಬಲ್ ಇದೆ, ಫೈಬರ್ ಇಂಟರ್‌ನೆಟ್ ಇದೆ, ಡಿಶ್ ಇದೆ. ಒಬ್ಬರು ರೇಟು ಏರಿಸಿದರೆ ಇನ್ನೊಬ್ಬರ ಬಳಿ ಹೋಗಬಹುದು. ಮಲೆನಾಡಿನ ಒಳಗೆ ಹಾಗಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಅರ್ಧ ಕಿಲೋಮೀಟರ್ ಇರುವ ಕಡೆ ಕೇಬಲ್ ಆಪರೇಟರ್ ಯಾಕೆ ವೈರ್ ಎಳೆಯುತ್ತಾನೆ? ಎಳೆದರೂ ಆಷಾಢದ ಗಾಳಿಗೆ ಒಂದು ಮರ ಬಿದ್ದರೆ ಮುಗಿಯಿತು. ಇಲ್ಲಿ ಡಿಶ್ ಬಂದ ಮೇಲೇ ಬಣ್ಣಬಣ್ಣದ ಚಾನೆಲ್ ಬಂದಿದ್ದು. ಅದಕ್ಕೂ ಮುಂಚೆ ಅಡಿಕೆ ಮರದ ಕಂಬದ ತುದಿಗೆ ಆಂಟೆನಾ ಕಟ್ಟಿ, ಒಬ್ಬರು ಮೇಲೆ ತಿರುಗಿಸುವುದು, ಇನ್ನೊಬ್ಬರು ಕೆಳಗಿನಿಂದ "ಬಂತು, ಬಂತು, ಹೋಯ್ತು" ಅಂತ ಕೂಗುವುದು. ನಮ್ಮ ವಯಸ್ಸಿನವರೆಲ್ಲ ನೋಡಿದ್ದೇ.

ಪೈಪೋಟಿ ಅಂದರೂ ಹಣ ಪಡೆಯುವ ಡಿಟಿಎಚ್ ಕಂಪನಿಗಳು ದೇಶದಲ್ಲಿ ಇರುವುದು ನಾಲ್ಕೇ. ಒಂದು ಕಂಪನಿಯ ಬಾಕ್ಸ್ ಇನ್ನೊಂದರಲ್ಲಿ ನಡೆಯುವುದಿಲ್ಲ. ಯಾವ ಬಾಕ್ಸ್ ಆದರೂ ಎಲ್ಲ ಕಡೆ ನಡೆಯುವಂತಾಗಬೇಕು ಅಂತ ಟ್ರಾಯ್ 2020ರ ಏಪ್ರಿಲ್‌ನಲ್ಲಿ ಸರ್ಕಾರಕ್ಕೆ ಶಿಫಾರಸು ಮಾಡಿತ್ತು. ಹಳ್ಳಿ ಮನೆಗಳಲ್ಲಿ ಅದು ಇನ್ನೂ ಕಂಡಿಲ್ಲ. ಹಾಗಾಗಿ ಒಂದು ಬಾಕ್ಸ್ ಇರುವವರು ಕಂಪನಿ ಬದಲಿಸಿದರೆ ಒಂದು ಬಾಕ್ಸ್ ಮೂಲೆಗೆ ಹೋಗುತ್ತದೆ. ಮೂರು ಇರುವವರಿಗೆ ಮೂರೂ ಹೋಗುತ್ತವೆ. ಬಾಕ್ಸ್ ಹೆಚ್ಚಿದಷ್ಟೂ ಕಾಲಿಗೆ ಹಗ್ಗ ಬಿಗಿಯಾಗುತ್ತದೆ. ಬಾಕ್ಸಿನ ಸಂಖ್ಯೆ ಕೇಳುವಾಗ ಜನ ಇದನ್ನು ಯೋಚಿಸುವುದೇ ಇಲ್ಲ.

ಇನ್ನು ನಮ್ಮ ಚಿಕ್ಕಪ್ಪನ ಮನೆಗೆ ಬೇರೆ ಡಿಶ್ ಯಾಕೆ ಹಾಕಲಿಲ್ಲ ಅಂತ ನೀವು ಕೇಳಬಹುದು. ಹಾಕಲು ನೋಡಿದ್ದೆವು. ಡಿಶ್ ಕೂರಿಸಲು ಬಂದ ಹುಡುಗ ಬಹಳ ಚುರುಕು. ಮೊಬೈಲಿನಲ್ಲಿ ದಿಕ್ಸೂಚಿ ತೆರೆದು, ಕೈಯಲ್ಲಿ ಸಣ್ಣ ಸಿಗ್ನಲ್ ಮೀಟರ್ ಹಿಡಿದು ದರೆಯ ಮೇಲೆಲ್ಲ ಓಡಾಡಿದ. ನಮ್ಮ ಕಡೆ ಡಿಶ್‌ಗಳೆಲ್ಲ ಆಗ್ನೇಯಕ್ಕೆ ಮುಖ ಮಾಡುತ್ತವೆ, ಯಾಕೆಂದರೆ ಉಪಗ್ರಹಗಳು ಇರುವುದು ನಮ್ಮಿಂದ ತೆಂಕಣಕ್ಕೂ ಮೂಡಣಕ್ಕೂ ನಡುವೆ. ಚಿಕ್ಕಪ್ಪನ ಮನೆಯ ಆಗ್ನೇಯಕ್ಕೆ ಸರಿಯಾಗಿ ತೋಟ. ಅಡಿಕೆ ಮರದ ಸೋಗೆ ನೇರ ಅಡ್ಡ ಬರುತ್ತದೆ. ಬೇಸಿಗೆಯಲ್ಲಿ ಗಾಳಿ ಇಲ್ಲದ ಹೊತ್ತು ಸಿಗ್ನಲ್ ಬಂತು. ಒಂದು ಸೋಗೆ ಅಲುಗಿದರೆ ಚಿತ್ರ ಚೂರುಚೂರು. "ಅಣ್ಣ, ಮರ ಕಡಿಯೋಕಾಗುತ್ತಾ?" ಅಂತ ಕೇಳಿದ. ಫಲ ಬಿಡುವ ಅಡಿಕೆ ಮರವನ್ನು ಟಿವಿಗಾಗಿ ಯಾರಾದರೂ ಕಡಿಯುತ್ತಾರಾ?

ಕಡೆಗೆ ಹಳೇ ಮನೆಯ ಅಂಗಳದ ತುದಿಯಲ್ಲಿದ್ದ ಡಿಶ್ಶಿನಿಂದಲೇ ವೈರ್ ಎಳೆದ. ಡಿಶ್ಶಿನ ಮುಂದೆ ಕೋಲಿನ ತುದಿಯಲ್ಲಿ ಇರುತ್ತದಲ್ಲ ಮೂತಿಯಂಥದ್ದು, ಅದು ಎಲ್‌ಎನ್‌ಬಿ. ಡಿಶ್ ಸಿಗ್ನಲ್ ಒಟ್ಟುಗೂಡಿಸಿ ಅದರ ಬಾಯಿಗೆ ಹಾಕುತ್ತದೆ. ಅದು ಸಿಗ್ನಲ್ಲಿನ ಆವರ್ತನವನ್ನು (ಫ್ರೀಕ್ವೆನ್ಸಿ) ವೈರಿನಲ್ಲಿ ಹೋಗುವಷ್ಟು ಕೆಳಗಿಳಿಸಿ ಬಾಕ್ಸ್‌ಗೆ ಕಳಿಸುತ್ತದೆ. ಬಾಕ್ಸ್ ಅದೇ ವೈರಿನಲ್ಲಿ ಮೇಲಕ್ಕೆ 13 ವೋಲ್ಟ್ ಅಥವಾ 18 ವೋಲ್ಟ್ ಕಳಿಸಿ, ಮೇಲೆ ಕೆಳಗೆ ಆಡುವ ಅಲೆಯ ಚಾನೆಲ್ ಬೇಕಾ, ಅಡ್ಡಡ್ಡ ಆಡುವ ಅಲೆಯದ್ದು ಬೇಕಾ ಅಂತ ಹೇಳುತ್ತದೆ. ಇದೇ ಕಾರಣಕ್ಕೆ ಒಂದು ವೈರನ್ನು ಕತ್ತರಿಸಿ ಎರಡು ಬಾಕ್ಸ್‌ಗೆ ಸುಮ್ನೆ ಹಂಚಲು ಬರುವುದಿಲ್ಲ. ಒಂದು ಬಾಕ್ಸ್ 13 ಕೇಳುತ್ತದೆ, ಇನ್ನೊಂದು 18 ಕೇಳುತ್ತದೆ, ಒಂದರಲ್ಲಿ ಚಾನೆಲ್ ಮಾಯವಾಗುತ್ತದೆ. ಬಾಕ್ಸ್‌ಗೊಂದು ವೈರ್ ಬೇಕು, ಅಷ್ಟು ಬಾಯಿಗಳಿರುವ ಎಲ್‌ಎನ್‌ಬಿ ಬೇಕು. ಎರಡು ಬಾಯಿಯದ್ದು, ನಾಲ್ಕು ಬಾಯಿಯದ್ದು ಸಿಗುತ್ತದೆ. ನಮ್ಮಲ್ಲಿ ಈಗ ನಾಲ್ಕು ಬಾಯಿಯದ್ದಿದೆ. ಮೂರು ವೈರ್ ಹೊರಡುತ್ತವೆ. ಒಂದು ಅಜ್ಜಿಯ ಕೋಣೆಗೆ, ಒಂದು ಜಗಲಿಗೆ, ಒಂದು ಪೈಪಿನೊಳಗೆ ಅಂಗಳ ದಾಟಿ ದರೆ ಹತ್ತಿ ಚಿಕ್ಕಪ್ಪನ ಮನೆಗೆ.

ಈ ವೈರನ್ನು ನೋಡಿದಾಗಲೇ ನನಗೆ ಅನಿಸಿದ್ದು. ಕಂಪನಿಯವರು ಒಂದೇ ಮನೆ ಅನ್ನುವುದಕ್ಕೆ ಸಾಕ್ಷಿ ಹುಡುಕುತ್ತಿದ್ದಾರೆ. ಸಾಕ್ಷಿ ಅಂಗಳದಲ್ಲೇ ಬಿದ್ದಿದೆ. ಒಂದೇ ಡಿಶ್, ಒಂದೇ ಎಲ್‌ಎನ್‌ಬಿ, ಅದರಿಂದ ಹೊರಟ ಮೂರು ವೈರ್. ಅದನ್ನು ಕಂಪನಿಯ ಹುಡುಗನೇ ಎಳೆದಿದ್ದಾನೆ, ಫೋಟೊ ತೆಗೆದು ಕಳಿಸಿಯೂ ಇದ್ದಾನೆ. ನಾಲ್ಕು ಊರಿನ ನಾಲ್ಕು ಮನೆಯವರು ಒಂದು ಖಾತೆ ಹಂಚಿಕೊಂಡರೆ ನಾಲ್ಕು ಡಿಶ್ ಬೇಕೇ ಬೇಕು. ಒಂದು ಡಿಶ್ಶಿನ ವೈರ್ ಮುಟ್ಟುವಷ್ಟು ದೂರದಲ್ಲಿ ಇರುವುದನ್ನು ಒಂದು ಮನೆ ಅಂತ ಒಪ್ಪಿದರೆ ಮೋಸಕ್ಕೆ ಜಾಗ ಬಹಳ ಕಡಿಮೆಯಾಗುತ್ತದೆ. ಪೇಟೆಯಲ್ಲಿ ಪಕ್ಕದ ಮನೆಗೂ ವೈರ್ ಎಳೆಯಬಹುದಲ್ಲ ಅನ್ನುವ ಪ್ರಶ್ನೆ ಬರುತ್ತದೆ. ಅದಕ್ಕೆ ಜೊತೆಯಲ್ಲಿ ಪಡಿತರ ಚೀಟಿ ನೋಡಲಿ. ಜನಗಣತಿಯಲ್ಲಿ ಒಂದು ಕುಟುಂಬ ಅನ್ನುವುದನ್ನು ಗುರುತಿಸುವುದು ಸಾಮಾನ್ಯವಾಗಿ ಒಟ್ಟಿಗೆ ಬಾಳಿ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಅಂತ. ನಮ್ಮ ಕಡೆಯ ಮಾತೂ ಅದೇ. ಅಣ್ಣತಮ್ಮಂದಿರು ಹಿಸ್ಸೆಯಾದರೆ "ಒಲೆ ಬೇರೆ ಆಯ್ತು" ಅನ್ನುತ್ತೇವೆ, ಗೋಡೆ ಬೇರೆ ಆಯ್ತು ಅನ್ನುವುದಿಲ್ಲ. ಚಿಕ್ಕಪ್ಪನ ಗೋಡೆ ಬೇರೆ, ಒಲೆ ಒಂದೇ.

ಮಳೆಗಾಲದ ಮಾತನ್ನೂ ಇಲ್ಲಿ ಹೇಳಬೇಕು. ಡಿಟಿಎಚ್ ಬಳಸುವುದು ಕೆಯು ಬ್ಯಾಂಡ್ ಅನ್ನುವ ರೇಡಿಯೊ ಅಲೆಗಳ ಪಟ್ಟಿ. ಅದರ ಅಲೆ ಎರಡೂವರೆ ಸೆಂಟಿಮೀಟರ್ ಆಸುಪಾಸು ಉದ್ದ. ಡಿಶ್ ಚಿಕ್ಕದಾಗಿ ಗೋಡೆಯ ಮೇಲೆ ಕೂರುವುದು ಇದರಿಂದಲೇ. ಆದರೆ ಜೋರು ಮಳೆಯ ಹನಿಗಳು ಈ ಅಲೆಯನ್ನು ಹೀರಿಕೊಂಡು, ಚೆದುರಿಸಿ ಬಿಡುತ್ತವೆ. ಹಿಂದಿನ ಕಾಲದ ದೊಡ್ಡ ಬಲೆಯ ಡಿಶ್‌ಗಳಿಗೆ ಈ ತೊಂದರೆ ಕಡಿಮೆ ಇತ್ತು, ಅವು ಬಳಸುತ್ತಿದ್ದ ಅಲೆ ಇನ್ನೂ ಉದ್ದ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಪರದೆಯ ಮೇಲೆ "ಸಿಗ್ನಲ್ ಇಲ್ಲ" ಅನ್ನುವುದು ಮತ್ತೆ ಮತ್ತೆ ಕಾಣುತ್ತದೆ. ಕರೆಂಟಿಲ್ಲದ ದಿನಗಳು ಬೇರೆ. ಆದರೂ ಮೂರು ಬಾಕ್ಸಿಗೂ ತಿಂಗಳ ದುಡ್ಡು ಕಟ್ಟುತ್ತಲೇ ಇರುತ್ತೇವೆ. ಸೇವೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಅಂತ ಕೇಳುವ ಹಕ್ಕು ಗ್ರಾಹಕರಿಗೆ ನಿಯಮದಲ್ಲೇ ಇದೆ. ಮಲೆನಾಡಿನಲ್ಲಿ ಇದನ್ನು ಬಳಸುವವರು ಕಡಿಮೆ. ಮೊದಲ ಬಾಕ್ಸ್ ಬಿಟ್ಟು ಉಳಿದದ್ದನ್ನಾದರೂ ಮಳೆಗಾಲದಲ್ಲಿ ನಿಲ್ಲಿಸಿ ಅಂತ ಕೇಳಿ ನೋಡಿ.

ಜಗಲಿಯ ಬಾಕ್ಸ್ ನಮಗೆ ಬೇಕಾಗುವುದೇ ಕೊಯ್ಲಿನ ಕಾಲಕ್ಕೆ. ಅಡಿಕೆ ಕೊನೆ (ಗೊನೆ) ಕೊಯ್ದು ತಂದು ರಾಶಿ ಹಾಕಿದ ಮೇಲೆ ಸುಲಿಯುವವರು ಸಂಜೆಗೆ ಬಂದು ಮೆಟ್ಟುಗತ್ತಿ ಮುಂದೆ ಕೂರುತ್ತಾರೆ. ರಾತ್ರಿ ಹನ್ನೊಂದು, ಹನ್ನೆರಡು. ಕೈ ತಾನಾಗಿ ಓಡುತ್ತಿರುತ್ತದೆ, ಕಣ್ಣು ಟಿವಿಯ ಮೇಲೆ. ಧಾರಾವಾಹಿಯಲ್ಲಿ ಅತ್ತೆ ಬೈದರೆ ಇಲ್ಲಿ ಹತ್ತು ಜನ ಒಟ್ಟಿಗೆ ಅವಳಿಗೆ ಬೈಯುತ್ತಾರೆ. ಟಿವಿ ಇಲ್ಲದಿದ್ದರೆ ನಿದ್ದೆ ಬರುತ್ತದೆ ಅಂತ ಅವರೇ ಹೇಳುತ್ತಾರೆ. ಇದೇ ಬಾಕ್ಸನ್ನು ಕೆಲವರು ಆ ನಾಲ್ಕು ತಿಂಗಳು ತೋಟದ ಶೆಡ್ಡಿಗೆ ಒಯ್ದು ಇಡುತ್ತಾರೆ. ಷರತ್ತಿನ ಪ್ರಕಾರ ಅದು ಜಾಗ ಬದಲಿಸಿದಂತೆ. ಆದರೆ ಅಲ್ಲಿ ನೋಡುತ್ತಿರುವವರು ಅದೇ ಮನೆಯ ಜನ, ಅದೇ ಮನೆಯ ಕೆಲಸದವರು.

ಹೋಮ್‌ಸ್ಟೇಗಳ ವಿಷಯ ಬೇರೆ. ಕೋಣೆಗೊಂದು ಬಾಕ್ಸ್ ಇಟ್ಟು ಮನೆಯ ಲೆಕ್ಕದ ರಿಯಾಯಿತಿ ಕೇಳುವುದು ಸರಿಯಲ್ಲ. ಅತಿಥಿಗಳಿಂದ ಟಿವಿಗೆ ಅಂತಲೇ ಬೇರೆ ದುಡ್ಡು ತೆಗೆದುಕೊಂಡರಂತೂ ನೀವು ಸಾಮಾನ್ಯ ಚಂದಾದಾರರೇ ಅಲ್ಲ ಅನ್ನುತ್ತದೆ ನಿಯಮ. ನಮ್ಮ ಕಡೆ ಹೋಮ್‌ಸ್ಟೇ ಮಾಡುವವರು ಇದನ್ನು ಮೊದಲೇ ಕಂಪನಿಗೆ ಹೇಳಿ ಮಾಡಿಸಿಕೊಳ್ಳುವುದು ಒಳ್ಳೆಯದು.

ಮಿತಿಯೇ ಇಲ್ಲದ ದಾರಿಯೂ ಒಂದಿದೆ. ದೂರದರ್ಶನದ ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಶುರುವಾದಾಗ ಡಿಡಿ ಡೈರೆಕ್ಟ್ ಪ್ಲಸ್ ಅಂತಿತ್ತು. ಡಿಶ್, ಬಾಕ್ಸ್ ಒಮ್ಮೆ ಕೊಂಡರೆ ಆಯಿತು. ತಿಂಗಳ ಬಾಡಿಗೆ ಇಲ್ಲ, ಖಾತೆ ಇಲ್ಲ, ಯಾರ ಮನೆ ಅಂತ ಕೇಳುವವರೂ ಇಲ್ಲ. ಹತ್ತು ಬಾಕ್ಸ್ ಬೇಕಾದರೂ ಹಾಕಿ. ಚಂದನ ಸಿಗುತ್ತದೆ. ತೋಟದ ಶೆಡ್ಡಿಗೆ, ಕೆಲಸದವರ ಮನೆಗೆ ಇದು ಸಾಕು ಅಂತ ನನ್ನ ಅಭಿಪ್ರಾಯ. ಆದರೆ ಅಜ್ಜಿಗೆ ಸಾಲದು. ಫ್ರೀ ಡಿಶ್‌ನಲ್ಲಿ ಹಿಂದಿ ಚಾನೆಲ್‌ಗಳದ್ದೇ ದರ್ಬಾರು. ಅಜ್ಜಿ ಹಿಂದಿ ಧಾರಾವಾಹಿ ನೋಡಿ ಏನು ಮಾಡುತ್ತಾರೆ? ಕನ್ನಡ ಬೇಕೆನ್ನುವವರು ದುಡ್ಡು ಕೊಡುವ ಡಿಶ್‌ಗೇ ಬರಬೇಕು. ಹಾಗಾಗಿಯೇ ಈ ಷರತ್ತುಗಳು ನಮಗೆ ಇಷ್ಟು ತಾಗುವುದು.

ಇನ್ನೊಂದು ಸುಲಭದ ಉಪಾಯ ಹಲವರಿಗೆ ತಿಳಿದಿಲ್ಲ. ಒಂದೇ ಬಾಕ್ಸಿನಿಂದ ಎರಡು ಟಿವಿಗೆ ವೈರ್ ಕೊಡಬಹುದು. ಎರಡರಲ್ಲೂ ಒಂದೇ ಚಾನೆಲ್ ಬರುತ್ತದೆ, ಅಷ್ಟೇ. ಕೋಣೆಯಲ್ಲಿ ಒಂದು, ಜಗಲಿಯಲ್ಲಿ ಒಂದು ಟಿವಿ ಇಟ್ಟು, ಎಲ್ಲರೂ ನೋಡುವುದು ಅದೇ ಧಾರಾವಾಹಿ ಆದರೆ ಎರಡನೇ ಬಾಕ್ಸ್ ಬೇಕೇ ಇಲ್ಲ.

ಕಂಪನಿಗಳಿಗೂ ಒಂದು ಮಾತು. 2020ರ ಹೊತ್ತಿಗೆ ದೇಶದಲ್ಲಿ ಹಣ ಕೊಡುವ ಡಿಟಿಎಚ್ ಚಂದಾದಾರರು 7 ಕೋಟಿಯ ಆಸುಪಾಸು ಇದ್ದರು. 2025ರ ಮಾರ್ಚ್‌ಗೆ ಅದು ಸುಮಾರು 5.7 ಕೋಟಿಗೆ ಇಳಿಯಿತು. ಪೇಟೆಯವರು ಮೊಬೈಲಿಗೆ, ಇಂಟರ್‌ನೆಟ್ ಟಿವಿಗೆ ಹೋಗುತ್ತಿದ್ದಾರೆ. ಡಿಶ್ ಬಿಡದೆ ಉಳಿದವರಲ್ಲಿ ವೈರೂ ನೆಟ್‌ವರ್ಕೂ ಸರಿಯಾಗಿ ಮುಟ್ಟದ ನಮ್ಮಂಥ ಊರಿನವರು ಇದ್ದಾರೆ. ನಿಯತ್ತಾಗಿ ಮೂರು ಬಾಕ್ಸ್‌ಗೆ ಕಟ್ಟುತ್ತಿರುವ ಮನೆಯನ್ನು ಗೋಡೆ ಎಣಿಸಿ ಕಳಿಸಿಬಿಟ್ಟರೆ ಆ ಮೂರು ಚಂದಾದಾರರು ಬೇರೆ ಕಡೆಯಿಂದ ಬರುವುದಿಲ್ಲ.

ಇಂಟರ್‌ನೆಟ್ ಟಿವಿಗೆ ಹೋದರೆ ಈ ಪ್ರಶ್ನೆಯಿಂದ ಬಿಡುಗಡೆ ಸಿಗುತ್ತದೆ ಅಂದುಕೊಳ್ಳಬೇಡಿ. ನೆಟ್‌ಫ್ಲಿಕ್ಸ್ 2023ರ ಜುಲೈನಲ್ಲಿ ಭಾರತದಲ್ಲೂ ಒಂದು ಖಾತೆ ಒಂದು ಮನೆಗೆ ಮಾತ್ರ ಅಂತ ಬಿಗಿ ಮಾಡಿತು. ಮನೆ ಯಾವುದು ಅಂತ ಅದು ಗುರುತಿಸುವುದು ಇಂಟರ್‌ನೆಟ್ ವಿಳಾಸ, ಟಿವಿ ಮೊಬೈಲುಗಳ ಗುರುತು, ಬಳಕೆಯ ರೀತಿ ನೋಡಿ. ಒಂದೇ ವೈಫೈ ಅಡಿಯಲ್ಲಿ ಇದ್ದರೆ ಒಂದು ಮನೆ. ನಮ್ಮ ಹಳೇ ಮನೆಯ ವೈಫೈ ಚಿಕ್ಕಪ್ಪನ ಮನೆಗೆ ಮುಟ್ಟುವುದಿಲ್ಲ. ಅಲ್ಲೂ ನಾವು ಎರಡು ಮನೆಯೇ ಆಗುತ್ತೇವೆ.

ನಾನು ಕೇಳುವುದು ದೊಡ್ಡದೇನಲ್ಲ. ಎಷ್ಟು ಬಾಕ್ಸ್‌ವರೆಗೆ ಕೊಡುತ್ತೀರಿ, ಎರಡನೆಯದಕ್ಕೆ ಎಷ್ಟು, ಮೂರನೆಯದಕ್ಕೆ ಎಷ್ಟು ಅನ್ನುವುದನ್ನು ಬಾಕ್ಸ್ ಹಾಕುವ ಮೊದಲು ಕನ್ನಡದಲ್ಲಿ ಬರೆದು ಕೊಡಲಿ. ಯಾವುದನ್ನು ಒಂದು ಮನೆ ಅನ್ನುತ್ತೀರಿ ಅನ್ನುವುದನ್ನೂ ಅದರಲ್ಲೇ ಬರೆಯಲಿ. ಟ್ರಾಯ್ ಕೂಡ ಎರಡನೇ ಟಿವಿಯ ಶೇ. 40ರ ಗೆರೆಯನ್ನು ಮತ್ತೆ ಎಳೆಯಬೇಕು. ಪೇಟೆಗೆ ಬೇಡವಾದರೆ ಕೇಬಲ್ ಇಲ್ಲದ ಹಳ್ಳಿಗಳಿಗಾದರೂ ಬೇಕು. ಪ್ರದೇಶ ನೋಡಿ ರೇಟು ಇಡಲು ಕಂಪನಿಗಳಿಗೆ ಬಿಟ್ಟಿದ್ದಾರಲ್ಲ, ಪ್ರದೇಶ ನೋಡಿ ರಕ್ಷಣೆ ಕೊಡಲು ಆಗದಾ?

ಕಂಪನಿಯಲ್ಲಿ ದೂರು ನೋಡುವ ನೋಡಲ್ ಅಧಿಕಾರಿಗೆ ಪತ್ರ ಬರೆದಿದ್ದೇನೆ. ಪಡಿತರ ಚೀಟಿಯ ಪ್ರತಿ ಇಟ್ಟಿದ್ದೇನೆ. ಡಿಶ್ಶಿನಿಂದ ದರೆಯವರೆಗೆ ವೈರ್ ಹೋಗುವುದು ಕಾಣುವ ಹಾಗೆ ಚಿಕ್ಕಪ್ಪನೇ ಮಾಡಿನ ಮೇಲೆ ಹತ್ತಿ ತೆಗೆದ ಫೋಟೊವನ್ನೂ ಇಟ್ಟಿದ್ದೇನೆ. ಉತ್ತರ ಬರುವವರೆಗೆ ದರೆ ಮೇಲಿನ ಟಿವಿ ಮುಚ್ಚಿದೆ. ಸಂಜೆ ಏಳಾಗುತ್ತಿದ್ದಂತೆ ಚಿಕ್ಕಮ್ಮ ಟಾರ್ಚ್ ಹಿಡಿದು ಅಂಗಳ ದಾಟಿ ಬಂದು ಅಜ್ಜಿಯ ಮಂಚದ ತುದಿಯಲ್ಲಿ ಕೂರುತ್ತಾರೆ.